ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಎಸಿ ಇಲ್ಲದಿದ್ದರೂ 200 ಯೂನಿಟ್ ದಾಟುತ್ತಿದೆ, ಯಾಕೆ? – ಪ್ರತಿಕ್ರಿಯೆ

ನನಗೆ ಅನುಮಾನ ಗೀಸರ್ ಮೇಲೆ. ಬೆಳಿಗ್ಗೆ ಹಾಕಿದ ಸ್ವಿಚ್ ಎಲ್ಲರ ಸ್ನಾನ ಮುಗಿಯುವವರೆಗೂ ಆರುವುದಿಲ್ಲ ಅಂತ ನೀವೇ ಬರೆದಿದ್ದೀರಿ. ಇನ್ನೊಂದು ಸಾಧ್ಯತೆ, ಕಟ್ಟಡದ ನೀರಿನ ಮೋಟರ್ ನಿಮ್ಮ ಮೀಟರಿಗೇ ಸೇರಿರಬಹುದು. ನಮ್ಮ ಬಾಡಿಗೆ ಮನೆಯಲ್ಲಿ ಹಾಗೇ ಆಗಿತ್ತು.

ಮೊದಲು ಮೀಟರ್ ನೋಡಿ. ಫ್ರಿಜ್ ಸೇರಿ ಮನೆಯ ಎಲ್ಲ ಸ್ವಿಚ್ ಆರಿಸಿ, ಮೀಟರಿನ ಸಣ್ಣ ಕೆಂಪು ದೀಪದ ಮುಂದೆ ಐದು ನಿಮಿಷ ನಿಲ್ಲಿ. ಮಿಣುಕುತ್ತಲೇ ಇದ್ದರೆ ಬೇರೆ ಯಾವುದೋ ಲೈನ್ ಸೇರಿದೆ, ಇಲ್ಲವೇ ವೈರಿಂಗ್‌ನಲ್ಲಿ ಲೀಕೇಜ್ ಇದೆ. ನಳದ ನೀರು ಬಂದ ದಿನ ಮೋಟರ್ ಓಡುವಾಗ ಇನ್ನೊಮ್ಮೆ ನೋಡಿ. ದೀಪ ಆಗ ಮಾತ್ರ ಜೋರಾಗಿ ಮಿಣುಕಿದರೆ ಮಾಲೀಕರನ್ನು ಕರೆದು ತೋರಿಸಿ. ಸುಮ್ನೆ ಹೇಳಿದರೆ ಯಾರೂ ನಂಬುವುದಿಲ್ಲ.

ಎರಡೂ ಸಲ ದೀಪ ಮಿಣುಕದಿದ್ದರೆ ಗೀಸರಿಗೆ ಬನ್ನಿ. 2 ಕಿಲೋವ್ಯಾಟ್ ಕಾಯಿಲ್ ಒಂದು ತಾಸು ಕಾದರೆ 2 ಯೂನಿಟ್. 15 ಲೀಟರ್ ನೀರಿಗೆ ಇಪ್ಪತ್ತು ನಿಮಿಷ ಸಾಕು. ಥರ್ಮೋಸ್ಟಾಟ್ 55 ಡಿಗ್ರಿಗೆ ಇಳಿಸಿ, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿ. ನಿಮ್ಮ ಗೀಸರ್ ಎಷ್ಟು ಲೀಟರಿನದು ಅಂತ ಬರೆದಿಲ್ಲ, ದೊಡ್ಡದಾದರೆ ಸಮಯ ಜಾಸ್ತಿ ಬೇಕು.

ಫ್ಯಾನ್ ಬದಲಿಸುವ ಯೋಚನೆ ಇದ್ದರೆ, ಆ ಖರ್ಚು ಈಗಲೇ ಬೇಡ. ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ಹೆಸ್ಕಾಂ ರೀಡಿಂಗ್ ಆದ ದಿನದಿಂದ ವಾರಕ್ಕೊಮ್ಮೆ ಮೀಟರ್ ಬರೆದಿಡಿ, ವಾರಕ್ಕೆ 45 ದಾಟಬಾರದು.