ಫಿಲಾಸಫಿ ಎಂ.ಎ. ಸೆಮಿನಾರ್‌ನಲ್ಲಿ ಮಾತಾಡೋಕೆ ಇಂಗ್ಲಿಷ್ ಹೇಗೆ ಸುಧಾರಿಸಿಕೊಳ್ಳಲಿ?

ಕನ್ನಡ ಮಾಧ್ಯಮದಿಂದ ಬಂದಿದ್ದೀರಿ, ಮುಂದಿನ ವಾರ ಗೆಟಿಯರ್ ಅನ್ನೋ ತತ್ತ್ವಜ್ಞಾನಿಯ ಲೇಖನ ಮಂಡಿಸೋ ಸರದಿ ನಿಮ್ಮದು, ಇಂಗ್ಲಿಷ್ ನೆನೆದರೆ ಕೈ ಬೆವರುತ್ತೆ ಅಂದಿದ್ದೀರಿ. ಹತ್ತು ವರ್ಷದ ಹಿಂದೆ ಇದೇ ಬೆಂಗಳೂರಲ್ಲಿ ನನಗೂ ಹೀಗೇ ಬೆವರಿತ್ತು.

ನನ್ನ ಪಾಲಿಗೆ ಬಂದದ್ದು ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತನ 'ಮೆಡಿಟೇಷನ್ಸ್' ಪುಸ್ತಕ, ಅದರಲ್ಲಿ ಎರಡನೇ ಅಧ್ಯಾಯ. ಕೈಯಲ್ಲಿ ಒಂದು ವಾರ ಇತ್ತು. ಅವೆನ್ಯೂ ರೋಡಲ್ಲಿ ಒಂದು ಹಳೇ ಗೈಡ್ ಕೊಂಡೆ, ಅದನ್ನ ನೋಡಿಕೊಂಡು ಹದಿನಾಲ್ಕು ಪುಟ ಬರೆದೆ, ದಿನಾ ರಾತ್ರಿ ರೂಮಿನ ಕನ್ನಡಿ ಮುಂದೆ ನಿಂತು ಉಚ್ಚಾರಣೆ ತಿದ್ದಿಕೊಂಡೆ.

"ನಾನು ಯೋಚಿಸುತ್ತೇನೆ, ಆದ್ದರಿಂದ ನಾನು ಇದ್ದೇನೆ" ಅನ್ನೋ ಮಾತಿನ ಮೇಲೆ ಇಪ್ಪತ್ತು ನಿಮಿಷ ಮಾತಾಡಿದೆ. 'ಆದ್ದರಿಂದ' ಅಂದಮೇಲೆ ಅದು ಅನುಮಾನ, ಅಂದರೆ ಸಂಶಯ ಅಲ್ಲ, ಒಂದರಿಂದ ಇನ್ನೊಂದನ್ನ ತರ್ಕಿಸಿ ತೆಗೆಯೋದು; ಅನುಮಾನಕ್ಕೆ ವ್ಯಾಪ್ತಿ, ಅಂದರೆ ಎಲ್ಲ ಕಡೆ ಸಲ್ಲೋ ನಿಯಮ ಬೇಕು, 'ಯೋಚಿಸುವುದೆಲ್ಲ ಇರುತ್ತದೆ' ಅನ್ನೋ ವ್ಯಾಪ್ತಿ ಇವನಿಗೆ ಎಲ್ಲಿಂದ ಸಿಕ್ಕಿತು? ನಮ್ಮ ಹಳೇ ತರ್ಕಶಾಸ್ತ್ರವಾದ ನ್ಯಾಯದರ್ಶನದಿಂದ ತಂದ ಈ ಆಕ್ಷೇಪದ ಬಗ್ಗೆ ನನಗೆ ಹೆಮ್ಮೆ ಇತ್ತು. ಮೇಷ್ಟ್ರು ಕೊನೇವರೆಗೂ ಕೇಳಿ, "ಸರಿ, ಆ ವಾಕ್ಯ ಯಾವ ಪುಟದಲ್ಲಿದೆಯಪ್ಪಾ? ಒಂದ್ಸಲ ಓದು" ಅಂದರು.

ಜೆರಾಕ್ಸ್ ತೆಗೆದು ಹಿಂದೆ ಮುಂದೆ ತಿರುವಿದೆ. ಸ್ಪೈರಲ್ ಬೈಂಡಿಂಗ್ ಕರಕರ ಅನ್ನೋದು ಇಡೀ ರೂಮಿಗೆ ಕೇಳಿಸ್ತಿತ್ತು. ವಾಕ್ಯ ಸಿಗಲಿಲ್ಲ, ಯಾಕಂದ್ರೆ ಆ ಅಧ್ಯಾಯದಲ್ಲಿ ಅದು ಇಲ್ಲವೇ ಇಲ್ಲ. ಅವನ ಬೇರೆ ಪುಸ್ತಕಗಳಲ್ಲಿದೆ: 1637ರ 'ಡಿಸ್ಕೋರ್ಸ್'ನಲ್ಲಿದೆ, 1644ರ 'ಪ್ರಿನ್ಸಿಪಲ್ಸ್'ನಲ್ಲಿದೆ. 1641ರ ಈ ಪುಸ್ತಕದ ಎರಡನೇ ಅಧ್ಯಾಯದಲ್ಲಿ ಅವನು ಹೇಳೋದೇ ಬೇರೆ: 'ನಾನಿದ್ದೇನೆ' ಅಂತ ನಾನು ಅಂದಾಗಲೆಲ್ಲ, ಮನಸ್ಸಿಗೆ ತಂದುಕೊಂಡಾಗಲೆಲ್ಲ, ಅದು ನಿಜವಾಗಿರಲೇಬೇಕು. ಅಲ್ಲಿ 'ಆದ್ದರಿಂದ' ಇಲ್ಲ. ಅದಿಲ್ಲದ ಮೇಲೆ ನನ್ನ ಆಕ್ಷೇಪಕ್ಕೆ ನೆಲವೇ ಇರಲಿಲ್ಲ. ಬೇರೆಯವರ ಆಕ್ಷೇಪಗಳಿಗೆ ಕೊಟ್ಟ, ಪುಸ್ತಕದ ಜೊತೆಗೇ ಅಚ್ಚಾದ ಉತ್ತರಗಳಲ್ಲಿ ದೆಕಾರ್ತನೇ ಹೇಳಿದ್ದಾನೆ, ಇದು ತರ್ಕ ಹೂಡಿ ತೆಗೆದ ತೀರ್ಮಾನ ಅಲ್ಲ, ಮನಸ್ಸಿಗೆ ನೇರ ಕಾಣೋದು ಅಂತ.

ಈ ತಪ್ಪನ್ನ ಇನ್ನೂ ಬಿಡಿಸಿ ಹೇಳಬೇಕು. ಮೂಲವನ್ನ ನಾನು ಓದೇ ಇರಲಿಲ್ಲ ಅಂದ್ಕೋಬೇಡಿ. ಓದಿದ್ದೆ, ಆದರೆ ಗೈಡ್ ಮುಗಿಸಿದ ಮೇಲೆ ಓದಿದ್ದೆ. ಕಣ್ಣು ದೆಕಾರ್ತನ ಸಾಲಿನ ಮೇಲೆ ಓಡ್ತಿತ್ತು, ತಲೆಯಲ್ಲಿ ಗೈಡಿನ ಸಾಲು ಕೇಳಿಸ್ತಿತ್ತು. ಗೈಡ್ ಮೊದಲು ಹಿಡಿದದ್ದು ಯಾಕೆ? ಅದರ ಇಂಗ್ಲಿಷ್ ಸುಲಭ, ಹಾಗೇ ಎತ್ತಿಕೊಂಡು ಹೇಳಬಹುದು ಅಂತ. ಮೂಲದ ಜೊತೆ ಕಳೀಬೇಕಿದ್ದ ವಾರ ಪೂರ್ತಿ ಉಚ್ಚಾರಣೆಗೆ ಹೋಯ್ತು. ಅವತ್ತು ನನ್ನ ಇಂಗ್ಲಿಷ್ ಒಂದು ಕಡೆಯೂ ತಪ್ಪಲಿಲ್ಲ.

ಅವತ್ತೇ ಶಿರಾ ಕಡೆಯ ಒಬ್ಬ ಹುಡುಗಿ, ನನಗಿಂತ ಕಡಿಮೆ ಇಂಗ್ಲಿಷ್ ಬರ್ತಿದ್ದವಳು, ಅದೇ ಸಾಲಿನ ಮೇಲೆ ಬೆರಳಿಟ್ಟು ಅರ್ಧ ಕನ್ನಡದಲ್ಲೇ ಕೇಳಿದಳು: "ಸರ್, 'ಅಂದಾಗಲೆಲ್ಲ' ಅಂತ ಯಾಕೆ ಹಾಕಿದ್ದಾನೆ? ಅಂದ್ಕೊಳ್ಳದೇ ಇದ್ದಾಗ ಅವನು ಇರಲ್ವಾ?" ಮುಂದಿನ ಒಂದು ಗಂಟೆ ಆ ಒಂದೇ ಪದದ ಮೇಲೆ ನಡೀತು. ಯೋಚನೆ ಪೂರ್ತಿ ನಿಂತರೆ ನಾನೂ ಇಲ್ಲದೇ ಹೋಗಬಹುದು ಅಂತ ದೆಕಾರ್ತನೇ ಒಂದು ಪುಟದಾಚೆ ಅಂದಿದ್ದಾನೆ, ಅದನ್ನೂ ಅವಳೇ ಓದಿ ತೋರಿಸಿದಳು.

ಆಮೇಲೆ ಆ ಸೆಮಿಸ್ಟರ್ ಮುಗಿಯೋವರೆಗೂ ನಾನು ಬಾಯಿ ಬಿಡಲಿಲ್ಲ. ಡಿಸರ್ಟೇಶನ್‌ಗೆ ಅದೇ ಮೇಷ್ಟ್ರ ಹತ್ರ ಹೋಗಬೇಕು ಅಂತ ಆಸೆ ಇತ್ತು, ಮುಖ ತೋರಿಸೋಕಾಗದೆ ಬೇರೆಯವರ ಹತ್ರ ಬೇರೆ ವಿಷಯ ತಗೊಂಡೆ. ಅದು ಈಗಲೂ ನೋಯುತ್ತೆ.

ಹಾಗಾಗಿ ಇಂಗ್ಲಿಷ್ ಸುಧಾರಿಸೋ ದಾರಿ ನನ್ನ ಹತ್ರ ಕೇಳಬೇಡಿ, ನಿಮ್ಮ ತೊಂದರೆ ಅದಲ್ಲ. ಸೆಮಿನಾರ್ ಭಾಷಣ ಸ್ಪರ್ಧೆಯಲ್ಲ. ಗೌತಮನ ನ್ಯಾಯಸೂತ್ರ ವಾದ, ಜಲ್ಪ, ವಿತಂಡ ಅಂತ ಮೂರು ಬಗೆ ಹೇಳುತ್ತೆ: ತತ್ತ್ವ ತಿಳಿಯೋಕೆ ಮಾತಾಡೋದು, ಗೆಲ್ಲೋಕೆ ಮಾತಾಡೋದು, ತನ್ನದೊಂದು ಪಕ್ಷ ನಿಲ್ಲಿಸದೆ ಬರೀ ಕೆಡವೋದು. ಸೆಮಿನಾರ್ ಮೊದಲನೆಯದು. ಅಲ್ಲಿ 'ಈ ಸಾಲು ನನಗೆ ಅರ್ಥವಾಗಲಿಲ್ಲ, ಕಾರಣ ಇದು' ಅನ್ನೋದೂ ಪೂರ್ತಿ ಲೆಕ್ಕಕ್ಕೆ ಬರುವ ಮಾತು. ಇಂಗ್ಲಿಷ್ ತಡವರಿಸಿದರೆ ಕನ್ನಡದಲ್ಲಿ ಹೇಳಿ, ಪಕ್ಕದವರು ಅನುವಾದ ಮಾಡ್ತಾರೆ. ಇದಕ್ಕೆ ನಾಚಬೇಕಾಗಿಲ್ಲ.

ಗೆಟಿಯರನದು 1963ರ ಲೇಖನ, ಮೂರೇ ಪುಟ; ಆಧಾರವಿದ್ದು ನಿಜವೂ ಆಗಿರೋ ನಂಬಿಕೆಯನ್ನ ಜ್ಞಾನ ಅನ್ನಬಹುದಾ ಅನ್ನೋದು ಅದರ ಪ್ರಶ್ನೆ. ಯೂಟ್ಯೂಬ್, ಗೈಡ್ ಎಲ್ಲ ಪಕ್ಕಕ್ಕಿಡಿ. ಎಲ್ಲರೂ ಕಿಸೆಯಲ್ಲಿರೋ ಹತ್ತು ನಾಣ್ಯದ ಕಥೆಗೆ ಓಡ್ತಾರೆ, ಅಂದರೆ ಆಧಾರವಿರೋ ಒಂದು ನಂಬಿಕೆ ಬರೀ ಅದೃಷ್ಟದಿಂದ ನಿಜವಾಗೋ ಉದಾಹರಣೆಗೆ. ಆ ಕಥೆಗೂ ಮೊದಲು ಗೆಟಿಯರ್ ಎರಡು ಮಾತು ಇಟ್ಟುಕೊಳ್ತಾನೆ: ಸುಳ್ಳನ್ನ ನಂಬೋಕೂ ಒಬ್ಬನಿಗೆ ಸಾಕಷ್ಟು ಆಧಾರ ಇರಬಹುದು, ಆಧಾರವಿರೋ ನಂಬಿಕೆಯಿಂದ ಸರಿಯಾಗಿ ಹೊರಡಿಸಿದ ಇನ್ನೊಂದು ನಂಬಿಕೆಗೂ ಅದೇ ಆಧಾರ ಸಲ್ಲುತ್ತೆ. ಎರಡನೆಯದನ್ನ ಒಪ್ಪದಿದ್ದರೆ ನಾಣ್ಯದ ಕಥೆ ನಿಲ್ಲುತ್ತಾ? ಇದನ್ನ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಂಡು ಹೋಗಿ. ಲೇಖನದ ಪ್ರತಿ ಮೇಜಿನ ಮೇಲೆ ಅದೇ ಪುಟಕ್ಕೆ ತೆರೆದಿರಲಿ.