ಮನಿಲಾಗೆ ಬರ್ತಿದ್ದೀರಾ? ಮೊದಲು ನಿಮ್ಮ ಟೀಮ್ ಯಾವುದು ಹೇಳಿ

ಮುಂದಿನ ತಿಂಗಳು ಕೆಲಸಕ್ಕೆ ಇಲ್ಲಿಗೆ ಬರ್ತಿದ್ದೀರಿ, ಹೊಸ ಆಫೀಸಿನವರು ಆನ್‌ಲೈನ್ ಮೀಟಿಂಗಿನಲ್ಲಿ ಬರೀ ಬ್ಯಾಸ್ಕೆಟ್‌ಬಾಲ್ ಮಾತಾಡ್ತಾರೆ, 'ಜೂನ್ ಮಾರ್' ಅಂದರೆ ಯಾರು ಅಂತ ಕೇಳಿದ್ದೀರಿ. ಮನೆ ಬಾಡಿಗೆ, ಸಾರಿನಪುಡಿ ವಿಷಯ ಆಮೇಲೆ ಫೋನಿನಲ್ಲಿ ಹೇಳ್ತೀನಿ. ಇದನ್ನು ಮೊದಲು ತಿಳ್ಕೊಳ್ಳಿ.

ಇಲ್ಲಿ ಕ್ರಿಕೆಟ್ ಮರೆತುಬಿಡಿ. ಗಲ್ಲಿಗಲ್ಲಿಯಲ್ಲೂ ಕಂಬಕ್ಕೆ ಒಂದು ರಿಂಗ್ ಹೊಡೆದಿರುತ್ತಾರೆ. ಹುಡುಗರು ಹವಾಯಿ ಚಪ್ಪಲಿಯಲ್ಲೇ ಆಡುತ್ತಾರೆ. ಚೆಂಡು ರಿಂಗಿನ ಹತ್ತಿರ ಇದ್ದರೆ ಟ್ರೈಸಿಕಲ್‌ನವನೂ ಹಾರ್ನ್ ಹೊಡೆಯದೆ ಕಾಯುತ್ತಾನೆ. ಹಳ್ಳಿ ಕಡೆ ಹೋದರೆ ಅದೇ ಕೋರ್ಟಿನಲ್ಲಿ ಭತ್ತ ಒಣಗಿಸುತ್ತಾರೆ, ನಮ್ಮ ಕಣದ ಹಾಗೆ.

ಇವರ ದೊಡ್ಡ ಲೀಗ್ ಪಿಬಿಎ, ಅಂದರೆ ಫಿಲಿಪೈನ್ಸ್ ಬ್ಯಾಸ್ಕೆಟ್‌ಬಾಲ್ ಸಂಘ. 1975ರಲ್ಲಿ ಶುರುವಾಯಿತು, ಏಷ್ಯಾದಲ್ಲೇ ಮೊದಲನೆಯ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್. ಟೀಮುಗಳಿಗೆ ಊರಿನ ಹೆಸರಿಲ್ಲ, ಕಂಪನಿ ಹೆಸರು. ಸ್ಯಾನ್ ಮಿಗೆಲ್ ಬಿಯರು, ಜಿನೆಬ್ರಾ ಜಿನ್ನು, ರೇನ್ ಆರ್ ಶೈನ್ ಗೋಡೆಗೆ ಬಳಿಯೋ ಪೇಂಟು. ಮೆರಾಲ್ಕೊ ಅಂದರೆ ಕರೆಂಟ್ ಕಂಪನಿ. ಅವರ ಟೀಮ್ 2024ರಲ್ಲಿ ಕಪ್ ಗೆದ್ದಿತು, ನಮ್ಮ ಬೆಸ್ಕಾಂ ಟೀಮ್ ಕಟ್ಟಿ ಗೆದ್ದ ಹಾಗೆ ಅಂದುಕೊಳ್ಳಿ.

ಇನ್ನು ಜೂನ್ ಮಾರ್ ಫಹಾರ್ಡೊ. ಸೆಬು ದ್ವೀಪದ ಹುಡುಗ, ಆರಡಿ ಹತ್ತಿಂಚು. ಇಲ್ಲಿ ಸಾಮಾನ್ಯವಾಗಿ ಸ್ಟಾರ್‌ಗಳು ಮನಿಲಾದ ದೊಡ್ಡ ಕಾಲೇಜುಗಳಿಂದ ಬರುತ್ತಾರೆ. ಇವನು ಸೆಬುವಿನಲ್ಲೇ ಓದಿ, ಅಲ್ಲೇ ಆಡಿ ಬೆಳೆದವನು. 2012ರ ಡ್ರಾಫ್ಟಿನಲ್ಲಿ, ಅಂದರೆ ಟೀಮುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಮೊದಲನೇ ಆಯ್ಕೆ. ನಾನು ಬಂದಿದ್ದೂ ಅದೇ ವರ್ಷ. ಆಗ ಅವನ ಟೀಮಿಗೆ ಪೆಟ್ರಾನ್ ಅಂತ ಪೆಟ್ರೋಲ್ ಕಂಪನಿ ಹೆಸರಿತ್ತು, ಆಮೇಲೆ ಮತ್ತೆ ಸ್ಯಾನ್ ಮಿಗೆಲ್ ಆಯಿತು. ಟೀಮ್ ಅದೇ, ಜರ್ಸಿ ಮೇಲಿನ ಸರಕು ಮಾತ್ರ ಬೇರೆ!

ನಾನು ಅವನಿಗೆ ಮನಸೋತಿದ್ದು 2016ರಲ್ಲಿ. ಅಲಾಸ್ಕಾ ಟೀಮಿನ ಎದುರು ಫೈನಲ್, ಏಳು ಪಂದ್ಯದ ಸರಣಿ. ಇವನಿಗೆ ಮೊಣಕಾಲು ಪೆಟ್ಟು, ಟೀಮ್ ಮೊದಲ ಮೂರೂ ಸೋತಿತು. ನಮ್ಮ ಬೀದಿಯ ಕರಿಂಡೆರಿಯಾದಲ್ಲಿ, ಅಂದರೆ ಚಿಕ್ಕ ಅನ್ನದ ಹೋಟೆಲಿನಲ್ಲಿ, ಮಾಲಕಿ ಬೇಜಾರಾಗಿ ಟಿವಿಯನ್ನೇ ಆರಿಸಿದ್ದಳು. ನಾಲ್ಕನೆಯದನ್ನು ಅವನಿಲ್ಲದೆಯೇ ಗೆದ್ದರು. ಐದನೆಯದಕ್ಕೆ ಅವನು ಬಂದ. ಏಳನೆಯದರ ದಿನ ಅನ್ನದ ಪಾತ್ರೆ ಖಾಲಿಯಾದರೂ ಯಾರೂ ಎದ್ದು ಹೋಗಲಿಲ್ಲ. 0-3ರಿಂದ ಎದ್ದು 4-3! ಆ ರಾತ್ರಿ ಆಯಮ್ಮ ನನ್ನ ಹತ್ತಿರ ದುಡ್ಡು ತಗೊಳ್ಳಲಿಲ್ಲ.

ಸತತ ಆರು ಸಲ ಎಂವಿಪಿ, ಅಂದರೆ ಲೀಗಿನ ವರ್ಷದ ಅತ್ಯುತ್ತಮ ಆಟಗಾರ, ಆದ. ಅವನಿಗಿಂತ ಮುಂಚೆ ದಾಖಲೆ ಒಟ್ಟು ನಾಲ್ಕೇ. 2020ರಲ್ಲಿ ಪ್ರಾಕ್ಟೀಸಿನಲ್ಲಿ ಮೊಣಕಾಲ ಕೆಳಗಿನ ಮೂಳೆ ಮುರಿಯಿತು, ಆ ವರ್ಷ ಪೂರ್ತಿ ಹೋಯಿತು. ಅಷ್ಟು ಎತ್ತರದವನಿಗೆ ಕಾಲು ಮುರಿದರೆ ಕಥೆ ಮುಗೀತು ಅಂತ ನಾನೇ ಅಂದಿದ್ದೆ. 2023ರಲ್ಲಿ ಮತ್ತೆ ಎಂವಿಪಿ, 2024ರಲ್ಲೂ. ನನ್ನ ಭವಿಷ್ಯ ಕೇಳಬೇಡಿ.

ಒಂದು ಎಚ್ಚರಿಕೆ. ಇಲ್ಲಿ ಜಾಸ್ತಿ ಜನ ಜಿನೆಬ್ರಾದವರು. ಬಂದ ಹೊಸದರಲ್ಲಿ ಟ್ಯಾಕ್ಸಿ ಡ್ರೈವರ್ ನನ್ನ ಟೀಮ್ ಕೇಳಿದ. ಸುಮ್ನೆ ಬಾಯಿಗೆ ಬಂದದ್ದು, ಪೆಟ್ರಾನ್ ಅಂದೆ, ಅಂದರೆ ಈಗಿನ ಸ್ಯಾನ್ ಮಿಗೆಲ್. ಅಲ್ಲಿಂದ ಮನೆವರೆಗೂ ಅವನು ಮಾತಾಡಲಿಲ್ಲ. ತಮಾಷೆ ಅಂದರೆ ಎರಡೂ ಟೀಮ್ ಒಂದೇ ಕಂಪನಿಯವು.

ಬಂದ ಮೊದಲ ಭಾನುವಾರ ಕುಬಾವೊಗೆ ಬನ್ನಿ. ಅಲ್ಲಿನ ಅರನೇಟಾ ಒಳಾಂಗಣ ಕ್ರೀಡಾಂಗಣದಲ್ಲಿ ಮ್ಯಾಚ್ ಇದ್ದರೆ ಮೇಲಿನ ಸೀಟು ಅಗ್ಗ. ದೊಡ್ಡವರ ಹತ್ತಿರ ಮಾತಾಡುವಾಗ ಕೊನೆಗೆ 'ಪೋ' ಸೇರಿಸಿ, ನಮ್ಮ 'ರೀ' ಇದ್ದ ಹಾಗೆ. ಸ್ವೆಟರ್ ತನ್ನಿ, ಒಳಗೆ ಎಸಿ ವಿಪರೀತ.