ಮಾಯಾಗೆ ನಗೋದಾ, ಮೋನಿಷಾ ಪರ ಸಿಟ್ಟಾಗೋದಾ?

‘ಸಾರಾಭಾಯಿ ವರ್ಸಸ್ ಸಾರಾಭಾಯಿ’ಯನ್ನು ಎಲ್ಲರೂ ಇಷ್ಟು ಹೊಗಳುತ್ತಾರಲ್ಲ, ಈಗ ಹೊಸದಾಗಿ ನೋಡಿದರೂ ನಗು ಬರುತ್ತಾ ಅಂತ ಕೇಳಿದ್ದೀರಿ. ಬರುತ್ತೆ. ಚೆನ್ನಾಗೇ ಬರುತ್ತೆ. ಆದರೆ ನನಗೆ ನಗುವಿನ ಹಿಂದೆಯೇ ಸ್ವಲ್ಪ ಸಿಟ್ಟೂ ಬರುತ್ತೆ.

ಇದು 2004ರ ನವೆಂಬರ್‌ನಲ್ಲಿ ಸ್ಟಾರ್ ಒನ್ ಚಾನೆಲ್‌ನಲ್ಲಿ ಶುರುವಾದ ಹಿಂದಿ ಹಾಸ್ಯ ಧಾರಾವಾಹಿ. 2006ಕ್ಕೆಲ್ಲ ಮುಗಿದುಹೋಯಿತು. ಎಲ್ಲ ಸೇರಿ ಸುಮಾರು 70 ಕಂತು. ಆಗ ಟಿಆರ್‌ಪಿ ಬರಲಿಲ್ಲ. ಜನ ಮುಗಿಬಿದ್ದು ನೋಡಿದ್ದು ಆಮೇಲೆ, ಮರುಪ್ರಸಾರದಲ್ಲಿ. ಮುಂಬೈನ ಕಫ್ ಪರೇಡ್‌ನಲ್ಲಿರುವ ಒಂದು ಶ್ರೀಮಂತ ಗುಜರಾತಿ ಮನೆಯ ಕಥೆ. ಅತ್ತೆ ಮಾಯಾ, ಮಾವ ಇಂದ್ರವದನ್. ದೊಡ್ಡ ಮಗ ಸಾಹಿಲ್ ಡಾಕ್ಟರ್. ಚಿಕ್ಕವನು ರೋಸೇಶ್ ಕವಿ (ಹಾಗಂತ ಅವನೂ ಅವರಮ್ಮನೂ ನಂಬಿದ್ದಾರೆ). ಸಾಹಿಲ್ ಮದುವೆಯಾಗಿರೋದು ಮಧ್ಯಮ ವರ್ಗದ ಹುಡುಗಿ ಮೋನಿಷಾಳನ್ನ. ಅವಳ ನಿಜವಾದ ಹೆಸರು ಮನೀಷಾ. ಅದು ತೀರಾ ಮಿಡ್ಲ್ ಕ್ಲಾಸ್ ಆಯ್ತು ಅಂತ ಅತ್ತೆಯೇ ಬದಲಾಯಿಸಿದ್ದು!

ಮಾಯಾ ಪಾತ್ರ ಮಾಡಿದ ರತ್ನಾ ಪಾಠಕ್ ಷಾ ಒಂದು ಸಲವೂ ಸೊಸೆ ಮೇಲೆ ರಂಪ ಮಾಡುವುದಿಲ್ಲ. ‘ಮೋನಿಷಾ ಬೇಟಾ’ ಅಂತ ಜೇನಿನಂಥ ದನಿಯಲ್ಲಿ ಶುರು ಮಾಡಿ, ಮಾತು ಮುಗಿಯುವಷ್ಟರಲ್ಲಿ ಚರ್ಮ ಸುಲಿದಿರುತ್ತಾರೆ. ಆ ಕಾಲದ ಬೇರೆ ಧಾರಾವಾಹಿಗಳಲ್ಲಿ ಅತ್ತೆ ಅಂದರೆ ಕಣ್ಣು ಕೆಂಪಗೆ ಮಾಡಿಕೊಂಡು ವಿಷ ಹಾಕೋಕೆ ಹೊಂಚು ಹಾಕುವವಳು. ಇಲ್ಲಿ ಯಾರೂ ಕೆಟ್ಟವರಲ್ಲ. ಬರೀ ನಾಲಿಗೆ ಚೂಪು. ಬರೆದವರು ಆತಿಶ್ ಕಪಾಡಿಯಾ. ಇದೇ ತಂಡ ಅದಕ್ಕೂ ಮುಂಚೆ ‘ಖಿಚಡಿ’ ಮಾಡಿತ್ತು. ಅದರಲ್ಲಿ ಹಂಸಾ ಆಗಿದ್ದವರು ರತ್ನಾ ಅವರ ತಂಗಿ ಸುಪ್ರಿಯಾ. ಅಕ್ಕ ತಂಗಿ ಇಬ್ಬರೂ ಎಂಥಾ ಕಿಲಾಡಿಗಳು ನೋಡಿ.

ಇನ್ನು ಸಿಟ್ಟಿನ ವಿಷಯ. ನಾನು ಕಡೂರಿನವಳು. ಮದುವೆಯಾಗಿ ಬಂದಿದ್ದು ಆಲ್ದೂರು ಕಡೆಯ ಕಾಫಿ ತೋಟದ ಮನೆಗೆ. ಎರಡೂ ಚಿಕ್ಕಮಗಳೂರು ಜಿಲ್ಲೆಯೇ, ಆದರೆ ಆ ಮನೆಯವರ ಪಾಲಿಗೆ ಕಡೂರು ಅಂದರೆ ಬೇರೆ ದೇಶ. ಸಂಜೆಯಾದರೆ ಕ್ಲಬ್‌ಗೆ ಹೋಗುವವರು, ಮಕ್ಕಳನ್ನು ಊಟಿಯಲ್ಲಿ ಓದಿಸಿದವರು. ನಾನು ನಂದಿನಿ ಹಾಲಿನ ಕವರ್ ತೊಳೆದು ಒಣಗಿಸಿ ಎತ್ತಿಟ್ಟರೆ ನಮ್ಮತ್ತೆ ಬೈಯುತ್ತಿರಲಿಲ್ಲ. ‘ಓ, ನಿಮ್ಮ ಬಯಲುಸೀಮೆ ಕಡೆ ಹೀಗೆ ಮಾಡ್ತೀರಾ?’ ಅಂತ ನಗುತ್ತಾ ಕೇಳುತ್ತಿದ್ದರು, ಅಷ್ಟೇ. ಮುದ್ದೆ ತೊಳಸಿದ ದಿನವೂ ಅದೇ ನಗು. ಮೇಲೆ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ, ಇತ್ತು. ಒಳಗೂ ಇತ್ತು. ಅದಕ್ಕೇ ತಿರುಗಿ ಮಾತಾಡೋಕೆ ಆಗುತ್ತಿರಲಿಲ್ಲ.

ಈ ಧಾರಾವಾಹಿಯನ್ನು ನಾವಿಬ್ಬರೂ ಒಂದೇ ಸೋಫಾದಲ್ಲಿ ಕೂತು ನೋಡಿದ್ದೇವೆ. ಅತ್ತೆ ಮೋನಿಷಾ ಅವಾಂತರಕ್ಕೆ ನಗುತ್ತಿದ್ದರು. ನಾನು ಮಾಯಾ ಬಿಂಕಕ್ಕೆ ನಗುತ್ತಿದ್ದೆ. ಇಬ್ಬರಿಗೂ ಇದು ತನ್ನ ಪರವಾಗಿದೆ ಅಂತಲೇ ಅನಿಸಿತ್ತು. ಬರವಣಿಗೆಯ ಜಾಣತನ ಅಂದರೆ ಇದೇ ಅಲ್ವಾ?

ಆದರೆ ಒಂದು ಕಡೆ ಅವರು ಮೋಸ ಮಾಡಿದ್ದಾರೆ. ಮೋನಿಷಾ ಚೌಕಾಸಿ ಮಾಡುತ್ತಾಳೆ, ಫ್ರೀ ಸಿಗೋದಕ್ಕೆ ಆಸೆ ಪಡುತ್ತಾಳೆ. ಸರಿ, ನಾವೆಲ್ಲ ಹಾಗೇ. ಅದರ ಜೊತೆಗೆ ಮನೆಯನ್ನೂ ಗಲೀಜಾಗಿ ಇಡುತ್ತಾಳೆ ಅಂತ ತೋರಿಸಿದ್ದಾರೆ. ಇದು ಎಲ್ಲಿಂದ ಬಂತು? ಕೈ ಬಿಗಿ ಹಿಡಿಯೋದು ಬೇರೆ, ಕೊಳಕು ಬೇರೆ. ನನಗೆ ಗೊತ್ತಿರುವ ಮಿಡ್ಲ್ ಕ್ಲಾಸ್ ಹೆಂಗಸರು ಹಾಲಿನ ಕವರ್ ಕೂಡಿಡುತ್ತಾರೆ, ನೆಲವನ್ನೂ ದಿನಾ ಒರೆಸುತ್ತಾರೆ. ಎರಡನ್ನೂ ಒಂದೇ ಮಾಡಿದಾಗ ಕ್ಯಾಮೆರಾ ಮಾಯಾ ಮನೆಯ ಬಾಲ್ಕನಿಯಲ್ಲೇ ಕೂತಿದೆ ಅನ್ನೋದು ಗೊತ್ತಾಗುತ್ತೆ. ಅದೇ ಹೊತ್ತಿಗೆ ನಮ್ಮ ಈಟಿವಿಯಲ್ಲಿ ಬರುತ್ತಿದ್ದ ‘ಸಿಲ್ಲಿ ಲಲ್ಲಿ’ಯಲ್ಲಿ ಎಲ್ಲರೂ ಹುಚ್ಚರೇ, ಆದರೆ ಯಾರ ಅಂತಸ್ತನ್ನೂ ಯಾರೂ ಅಳೆಯುತ್ತಿರಲಿಲ್ಲ. ಬರವಣಿಗೆಯಲ್ಲಿ ಅದು ಇದರ ಹತ್ತಿರಕ್ಕೂ ಬರಲ್ಲ, ಅದನ್ನೂ ಒಪ್ಪಬೇಕು.

ಸಾಹಿಲ್ ತುಂಬಾ ತಿಳಿದವನು ಅಂತ ಎಲ್ಲರೂ ಮೆಚ್ಚುತ್ತಾರೆ. ನನಗೆ ಜಾಸ್ತಿ ಸಿಟ್ಟು ಬರೋದು ಅವನ ಮೇಲೆಯೇ. ಅಮ್ಮನನ್ನೂ ಹೆಂಡತಿಯನ್ನೂ ಸಮಾಧಾನ ಮಾಡುತ್ತಾ ಮುಗುಳ್ನಗುತ್ತಾನೆಯೇ ಹೊರತು, ಸಾಕಮ್ಮಾ ಅಂತ ಗಟ್ಟಿಯಾಗಿ ಹೇಳಿ ಆ ಚಾಳಿ ಬಿಡಿಸುವುದಿಲ್ಲ. ಮಾವ ಸೊಸೆಯ ಪರ ನಿಲ್ಲುತ್ತಾನೆ ನಿಜ, ಆದರೆ ಅವನಿಗೆ ಬೇಕಾಗಿರೋದು ಹೆಂಡತಿಯನ್ನು ಕೆಣಕುವ ಮಜಾ. ಹಾಗಿದ್ದರೂ ಇಂದ್ರವದನ್ ಇಲ್ಲದೆ ಈ ಮನೆಯನ್ನು ಊಹಿಸೋಕಾಗಲ್ಲ. ಆ ಪಾತ್ರ ಮಾಡಿದ್ದ ಸತೀಶ್ ಷಾ 2025ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ನಮ್ಮತ್ತೆ ಹಳೇ ಕಂತು ಹಾಕಿಸಿಕೊಂಡು ನೋಡಿದರು.

2017ರಲ್ಲಿ ಹಾಟ್‌ಸ್ಟಾರ್‌ಗೆ ಅಂತ ಮತ್ತೆ ಒಂದಷ್ಟು ಕಂತು ತೆಗೆದರು. ಅದನ್ನು ಬಿಟ್ಟುಬಿಡಿ. ಕಲಾವಿದರು ಬಹುಪಾಲು ಅವರೇ, ಆದರೆ ತಾವು ಜನಪ್ರಿಯರು ಅನ್ನೋದು ಪಾತ್ರಗಳಿಗೇ ಗೊತ್ತಾಗಿಬಿಟ್ಟ ಹಾಗಿದೆ. ಮೊದಲ ಸಲ ಟಿಆರ್‌ಪಿ ಬಂದು ಹತ್ತು ವರ್ಷ ಎಳೆದಿದ್ದರೆ ಇದೇ ಗತಿ ಆಗುತ್ತಿತ್ತೇನೋ.

ಹಿಂದಿ ಅಷ್ಟಕ್ಕಷ್ಟೇ ಅಂದರೂ ತೊಂದರೆಯಿಲ್ಲ, ಮಾಯಾ ಅರ್ಧ ಇಂಗ್ಲಿಷ್‌ನಲ್ಲೇ ಮಾತಾಡೋದು. ದುಷ್ಯಂತ್ ಬರುವ ಕಂತುಗಳಿಂದ ಶುರು ಮಾಡಿ. ಅವನು ಆ ಮನೆಯ ಅಳಿಯ. ಮನೆಯಲ್ಲಿ ಯಾವ ಮೆಷಿನ್ ಕೆಟ್ಟರೂ ಅದು ಹೇಗೆ ಕೆಲಸ ಮಾಡುತ್ತೆ ಅಂತ ಎಲ್ಲರನ್ನೂ ಕೂರಿಸಿಕೊಂಡು ಕೊರೆಯುತ್ತಾನೆ. ಅಂಥವರೊಬ್ಬರು ನಿಮ್ಮ ಮನೆಯಲ್ಲೂ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ.